ಹಬ್ಬದ ಪ್ರಶ್ನೆಗೆ ನಾಲ್ಕು ಆಯ್ಕೆ ಸಾಲುವುದಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಹಿರಿಯರೊಬ್ಬರು ಬರೆದಿದ್ದರು. ಈಗಿನ ಹುಡುಗರಿಗೆ ಸರ್ಕಾರಿ ನೌಕರಿಯ ಹುಚ್ಚು ಹಿಡಿದಿದೆ, ಹಬ್ಬ ಬಂದರೂ ಊರಿಗೆ ಹೋಗುವುದಿಲ್ಲ, ಹಬ್ಬದ ಅರ್ಥ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ ಅಂತ. ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರು ಹೇಳಿದ್ದರಲ್ಲಿ ಅರ್ಧ ಮಾತ್ರ ನಿಜ. ಊರಿಗೆ ಹೋಗುವುದಿಲ್ಲ ಅನ್ನುವುದು ಹೌದು. ಅರ್ಥ ಗೊತ್ತಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ನಾನು ಧಾರವಾಡದ ಸಪ್ತಾಪುರದಲ್ಲಿ ಖಾನಾವಳಿ ನಡೆಸುತ್ತೇನೆ. ಸಪ್ತಾಪುರ ಅಂದರೆ ಏನು ಅಂತ ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಓಣಿಗೊಂದು ಕೋಚಿಂಗ್ ಸೆಂಟರ್, ಮನೆಗೊಂದು ಪಿ.ಜಿ., ಮಹಡಿ ಮೇಲೆ ರೀಡಿಂಗ್ ರೂಮ್. ಕೆ.ಎ.ಎಸ್., ಪಿ.ಎಸ್.ಐ., ಪಿ.ಡಿ.ಒ., ಎಫ್.ಡಿ.ಎ. ಅಂತ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರೇ ನನ್ನ ಗಿರಾಕಿಗಳು. ಕೆಲವರು ಬಂದು ಊಟ ಮಾಡುತ್ತಾರೆ, ಕೆಲವರಿಗೆ ಡಬ್ಬಿ ಹೋಗುತ್ತದೆ. ಎಲ್ಲರಿಗೂ ನಾನು ಅಕ್ಕಾರ. ನಾನು ಪಿ.ಯು.ಸಿ.ಗೆ ಓದು ಬಿಟ್ಟವಳು, ಇಂಥ ಪರೀಕ್ಷೆ ಯಾವುದನ್ನೂ ಬರೆದವಳಲ್ಲ. ಆದರೆ ರೊಟ್ಟಿ ಬಡಿಸುತ್ತಾ ಕೇಳಿ ಕೇಳಿ ಅವರ ಸಿಲೆಬಸ್ ಅರ್ಧ ನನಗೂ ಬಾಯಿಪಾಠವಾಗಿದೆ.

ಅವರ ಗೈಡ್‌ನಲ್ಲಿ ಹಬ್ಬ ಅನ್ನುವುದು ಅರ್ಧ ಪುಟ. ಬಿಹು ಅಸ್ಸಾಂ, ಓಣಂ ಕೇರಳ, ಛಠ್ ಬಿಹಾರ, ಬತುಕಮ್ಮ ತೆಲಂಗಾಣ. ಸಾರ್ವಜನಿಕ ಗಣೇಶೋತ್ಸವ ತಿಲಕರು, 1893. ಮೈಸೂರು ಒಡೆಯರ ದಸರಾ ಶುರುವಾಗಿದ್ದು ಶ್ರೀರಂಗಪಟ್ಟಣದಲ್ಲಿ, ರಾಜ ಒಡೆಯರ್, 1610. ಅಂಬಾರಿ 750 ಕೆ.ಜಿ. ಕೋಲ್ಕತ್ತದ ದುರ್ಗಾ ಪೂಜೆ ಯುನೆಸ್ಕೊ ಪಟ್ಟಿಗೆ ಸೇರಿದ್ದು 2021, ಗುಜರಾತಿನ ಗರ್ಬಾ 2023. ಯುಗಾದಿ ಚೈತ್ರ ಶುದ್ಧ ಪಾಡ್ಯ. ಮುಗಿಯಿತು. ಇದನ್ನು ಓದಬೇಡಿ ಅಂತ ನಾನು ಹೇಳುವುದಿಲ್ಲ. ಒಂದು ಅಂಕಕ್ಕೆ ನೌಕರಿ ತಪ್ಪಿದವರನ್ನು ನೋಡಿದ್ದೇನೆ. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಬೇರೆ ಕಳೆಯುತ್ತಾರೆ. ಓದಲೇಬೇಕು.

ನನ್ನ ಖಾನಾವಳಿಯ ಬಾಗಿಲಲ್ಲಿ ಒಂದು ಕರಿಹಲಗೆ ಇದೆ. ಅದರ ಮೇಲೆ ಇವತ್ತಿನ ಪಲ್ಯ ಯಾವುದು ಅಂತ ಬರೆಯುತ್ತೇವೆ. ಕೊಪ್ಪಳ ಕಡೆಯ ಒಬ್ಬ ಹುಡುಗ ಪಲ್ಯದ ಹೆಸರಿನ ಕೆಳಗೆ ದಿನಾ ಒಂದು ಪ್ರಶ್ನೆ ಬರೆಯಲು ಶುರು ಮಾಡಿದ. ನಾಲ್ಕು ಆಯ್ಕೆ ಸಮೇತ. ಊಟಕ್ಕೆ ಬಂದವರು ಕೈ ತೊಳೆಯುವ ಮೊದಲು ಉತ್ತರ ಹೇಳಬೇಕು. ಹಬ್ಬ ಹತ್ತಿರ ಬಂದರೆ ಹಬ್ಬದ ಪ್ರಶ್ನೆ.

ಪಂಚಮಿ ಸಮಯಕ್ಕೆ ಅವನು ಬರೆದ: ನಾಗರ ಪಂಚಮಿ ಯಾವ ಮಾಸದಲ್ಲಿ ಬರುತ್ತದೆ? ಆಷಾಢ, ಶ್ರಾವಣ, ಭಾದ್ರಪದ, ಕಾರ್ತಿಕ. ಎಲ್ಲರೂ ಶ್ರಾವಣ ಅಂದರು. ಇದರಲ್ಲಿ ಏನಿದೆ, ಚಿಕ್ಕ ಮಕ್ಕಳೂ ಹೇಳುತ್ತಾರೆ. ರಾಮದುರ್ಗದ ಕಡೆಯ ಒಬ್ಬ ಹುಡುಗಿ ಚಾಕ್‌ಪೀಸ್ ಕಸಿದುಕೊಂಡು ಅದರ ಕೆಳಗೆ ಇನ್ನೊಂದು ಪ್ರಶ್ನೆ ಬರೆದಳು: ‘ಮನ್ಯಾಗ ಇಲ್ಲದವರ ಪಾಲಿನ ಹಾಲು ಎರೀತಾರೋ ಇಲ್ಲೋ?’

ದಕ್ಷಿಣದ ಓದುಗರಿಗೆ ಇದು ತಿಳಿಯಲಿಕ್ಕಿಲ್ಲ. ನಮ್ಮ ಕಡೆ ನಾಗಪ್ಪನಿಗೆ ಹಾಲೆರೆಯುವಾಗ ಸುಮ್ನೆ ಎರೆಯುವುದಿಲ್ಲ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ತಂಗಿಯ ಪಾಲು ಅಂತ ಒಬ್ಬೊಬ್ಬರನ್ನೇ ನೆನೆದು ಒಂದೊಂದು ಸಲ ಎರೆಯುತ್ತಾರೆ. ಆ ಪ್ರಶ್ನೆಗೆ ಆಯ್ಕೆಗಳೇ ಇರಲಿಲ್ಲ, ಆದರೂ ಅವತ್ತು ಊಟಕ್ಕೆ ಬಂದವರೆಲ್ಲ ಉತ್ತರ ಕೊಟ್ಟರು. ಎರೀತಾರೆ. ಸಿಯಾಚಿನ್‌ನಲ್ಲಿರುವ ಅಣ್ಣನಿಗೂ ಎರೆಯುತ್ತಾರೆ, ದುಬೈಗೆ ಹೋದ ಕಾಕಾನಿಗೂ ಎರೆಯುತ್ತಾರೆ, ಧಾರವಾಡದಲ್ಲಿ ರೀಡಿಂಗ್ ರೂಮಿನಲ್ಲಿ ಕೂತವರಿಗೂ ಎರೆಯುತ್ತಾರೆ. ಒಬ್ಬ ಮಾತ್ರ ತಮಾಷೆ ಮಾಡಿದ: ‘ನನ್ನ ಪಾಲಿಂದು ಎರಡು ಸಲ ಎರಿ ಅಂತ ಹೇಳೇನ್ರಿ ಅಕ್ಕಾರ, ಕಟ್ ಆಫ್ ಜಾಸ್ತಿ ಐತಿ.’

ಹಿರಿಯರೇ, ಈ ಹುಡುಗರಿಗೆ ಹಬ್ಬದ ಅರ್ಥ ಗೊತ್ತಿಲ್ಲವೇ?

ಸೀಗಿ ಹುಣ್ಣಿಮೆಗೆ ಇದಕ್ಕಿಂತ ಗದ್ದಲವಾಯಿತು. ಆಶ್ವಯುಜ ಮಾಸದ ಹುಣ್ಣಿಮೆಯಂದು ಆಚರಿಸುವ ಹಬ್ಬ ಯಾವುದು ಅಂತ ಹಲಗೆ ಮೇಲೆ ಪ್ರಶ್ನೆ. ಆಯ್ಕೆಗಳಲ್ಲಿ ಸೀಗಿ ಹುಣ್ಣಿಮೆಯೂ ಇತ್ತು, ಭೂಮಿ ಹುಣ್ಣಿಮೆಯೂ ಇತ್ತು. ಪ್ರಶ್ನೆ ಬರೆದವನ ಪ್ರಕಾರ ಮೊದಲನೆಯದು ಸರಿ. ಸಾಗರದ ಕಡೆಯ ಹುಡುಗಿ ಬಿಡಲಿಲ್ಲ. ಅವರಲ್ಲಿ ಅದೇ ದಿನ ಭೂಮಿ ಹುಣ್ಣಿಮೆ. ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆದು, ರಾತ್ರಿಯಿಡೀ ಅಡುಗೆ ಮಾಡಿ, ಬೆಳಗಿನ ಜಾವ ಗದ್ದೆಗೆ ಒಯ್ಯುತ್ತಾರಂತೆ. ಅದಕ್ಕೆ ಭೂಮಣ್ಣಿ ಬುಟ್ಟಿ ಅಂತ ಹೆಸರು. ಅಲ್ಲಿ ಭತ್ತ ಹೊಡೆ ತುಂಬಿರುತ್ತದೆ, ಇಲ್ಲಿ ಹೊಲದಲ್ಲಿ ಪೈರು ನಿಂತಿರುತ್ತದೆ. ಎರಡೂ ಕಡೆ ಭೂಮಿತಾಯಿಗೆ ಬಸುರಿ ಬಯಕೆಯ ಊಟ. ಒಂದೇ ಹುಣ್ಣಿಮೆ, ಎರಡು ಹೆಸರು, ಎರಡೂ ಸರಿ. ಹಾಗಾದರೆ ಯಾವ ಗುಂಡಿಗೆ ಕಪ್ಪು ಮಸಿ ತುಂಬಬೇಕು? ಓ.ಎಂ.ಆರ್. ಹಾಳೆಯಲ್ಲಿ ಒಂದನ್ನೇ ತುಂಬಬೇಕಲ್ಲ. ಅವತ್ತು ಆ ಇಬ್ಬರೂ ಒಬ್ಬರ ಜೊತೆ ಒಬ್ಬರು ಮಾತಾಡದೆ ಊಟ ಮಾಡಿ ಹೋದರು. ಈಗ ಒಂದೇ ರೀಡಿಂಗ್ ರೂಮಿಗೆ ಹೋಗುತ್ತಾರೆ, ಅದು ಬೇರೆ ವಿಷಯ.

ನನ್ನ ತಕರಾರು ಇಲ್ಲಿಂದ ಶುರು. ಈ ಹುಡುಗರು ಬರೆಯುವ ನೌಕರಿಗಳು ಯಾವುವು? ಗ್ರಾಮ ಆಡಳಿತಾಧಿಕಾರಿ, ಪಿ.ಡಿ.ಒ., ಕೃಷಿ ಅಧಿಕಾರಿ. 2024ರ ಅಕ್ಟೋಬರ್ 27ರಂದು 1000 ಗ್ರಾಮ ಆಡಳಿತಾಧಿಕಾರಿ ಹುದ್ದೆಗೆ ಪರೀಕ್ಷೆ ನಡೆಯಿತು. ನನ್ನ ಖಾನಾವಳಿ ಅರ್ಧ ಖಾಲಿಯಾಗಿತ್ತು ಅವತ್ತು. ಈ ನೌಕರಿ ಸಿಕ್ಕವರು ಮಾಡುವುದೇನು? ಬೆಳೆ ಸಮೀಕ್ಷೆ, ಬೆಳೆ ಹಾನಿಯ ವರದಿ, ಪಹಣಿ, ಮಳೆಗೆ ಬಿದ್ದ ಮನೆಯ ಪಂಚನಾಮೆ. ಇವರು ಹೊಲದ ಬದುವಿನ ಮೇಲೆ ನಿಂತು ಬೆಳೆ ಯಾವಾಗ ಒಣಗಿತು ಅಂತ ಕೇಳಿದರೆ ರೈತ ತಾರೀಖು ಹೇಳುವುದಿಲ್ಲ. ‘ಸೀಗಿ ಹುಣ್ಣಿವಿ ಮುಂದ ಚಲೋ ಇತ್ರಿ, ಸ್ವಾತಿ ಮಳಿ ಕೈ ಕೊಡ್ತು’ ಅನ್ನುತ್ತಾನೆ. ಸೂರ್ಯ ಒಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ, ಅಷ್ಟು ದಿನ ಆ ಹೆಸರಿನ ಮಳೆ. ರೋಹಿಣಿ ಮಳೆ ಹೊಯ್ದರೆ ಓಣಿ ತುಂಬಾ ಜೋಳ ಅನ್ನುವ ಗಾದೆ ಗೊತ್ತಿದ್ದವರಿಗೆ ರೈತನ ಮಾತು ತಕ್ಷಣ ತಿಳಿಯುತ್ತದೆ. ಗೊತ್ತಿಲ್ಲದವರು ಫಾರಂನಲ್ಲಿ ತಾರೀಖಿನ ಖಾನೆ ಖಾಲಿ ಬಿಡುತ್ತಾರೆ. ಆಮೇಲೆ ಪರಿಹಾರ ಬರಲಿಲ್ಲ ಅಂತ ಅದೇ ರೈತ ತಾಲೂಕು ಕಚೇರಿಗೆ ಅಲೆಯಬೇಕು.

ಕಾರಹುಣ್ಣಿಮೆಯನ್ನೇ ನೋಡಿ. ಗೈಡ್‌ನಲ್ಲಿ ಅದು ‘ಜ್ಯೇಷ್ಠ ಹುಣ್ಣಿಮೆ, ಎತ್ತುಗಳ ಹಬ್ಬ’. ನಮ್ಮ ಹಲಗೆ ಮೇಲೆ ಯಾರೋ ಕೇಳಿದರು: ಕರಿ ಹರಿಯುವಾಗ ಯಾವ ಬಣ್ಣದ ಎತ್ತು ಮುಂದೆ ಬಂದರೆ ಯಾವ ಬೆಳೆ? ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಅವತ್ತು ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಸರ ಕಟ್ಟಿ, ಸಂಜೆ ಅಗಸಿಯಲ್ಲಿ, ಅಂದರೆ ಊರ ಹೆಬ್ಬಾಗಿಲಲ್ಲಿ, ಓಡಿಸುತ್ತಾರೆ. ಅಡ್ಡಲಾಗಿ ಕಟ್ಟಿದ ಬೇವಿನ ತೋರಣವನ್ನು ಮೊದಲು ಹರಿದ ಎತ್ತು ಕಂದು ಬಣ್ಣದ್ದಾದರೆ ಮುಂಗಾರಿ ಬೆಳೆ ಚಲೋ, ಬಿಳಿಯದಾದರೆ ಹಿಂಗಾರಿ ಚಲೋ ಅಂತ ನಂಬಿಕೆ. ಎತ್ತಿನ ಓಟಕ್ಕೂ ಮಳೆಗೂ ಏನು ಸಂಬಂಧ ಅಂತ ಕೇಳಬೇಡಿ, ನನಗೂ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಆದರೆ ಆ ಹುಡುಗರ ಜಗಳ ಕೇಳಬೇಕಿತ್ತು. ಒಬ್ಬನ ಊರಲ್ಲಿ ಎರೆ, ಅಂದರೆ ಕಪ್ಪು ಮಣ್ಣಿನ ಹೊಲ, ಅಲ್ಲಿ ಹಿಂಗಾರಿ ಜೋಳ, ಕಡಲೆ. ಇನ್ನೊಬ್ಬನದು ಮಸಾರಿ, ಅಂದರೆ ಕೆಂಪು ಮಣ್ಣು, ಮುಂಗಾರಿಗೆ ಶೇಂಗಾ, ಸಜ್ಜೆ. ಮಸಾರಿಯವನಿಗೆ ಕಂದೆತ್ತು ಬರಬೇಕು, ಎರೆಯವನಿಗೆ ಬಿಳಿ ಎತ್ತು. ಎರೆಗೂ ಮಸಾರಿಗೂ ಏನು ವ್ಯತ್ಯಾಸ, ಯಾವ ಮಣ್ಣು ಎಷ್ಟು ದಿನ ಹಸಿ ಹಿಡಿಯುತ್ತದೆ, ಯಾವುದಕ್ಕೆ ಯಾವಾಗ ಬಿತ್ತಿಗೆ, ಎಲ್ಲಾ ಆ ಒಂದು ಜಗಳದಲ್ಲಿ ಬಂತು. ಬೇಳೆ ಸಾರು ಆರಿ ಹೋಯಿತು, ಮತ್ತೆ ಕಾಯಿಸಿ ಬಡಿಸಿದೆ. ಗ್ರಾಮ ಆಡಳಿತಾಧಿಕಾರಿಗೆ ಗೊತ್ತಿರಬೇಕಾದ್ದು ಇದೇ ಅಲ್ವಾ? ಪ್ರಶ್ನೆ ಪತ್ರಿಕೆ ಮಾಡುವವರು ಇದನ್ನು ಯಾಕೆ ಕೇಳುವುದಿಲ್ಲ? ಹಬ್ಬದ ತಿಥಿ ಕೇಳಿದರೆ ಗೈಡ್ ಓದಿದವರು ಗೆಲ್ಲುತ್ತಾರೆ. ಹಬ್ಬದ ದಿನ ಹೊಲದಲ್ಲಿ ಯಾವ ಬೆಳೆ ಯಾವ ಹಂತದಲ್ಲಿರುತ್ತದೆ ಅಂತ ಕೇಳಿದರೆ ಹಬ್ಬ ಮಾಡಿದವರು, ಇಲ್ಲವೇ ತಿಳಿದುಕೊಳ್ಳುವ ಮನಸ್ಸಿರುವವರು ಗೆಲ್ಲುತ್ತಾರೆ. ಬೇರೆ ಧರ್ಮದ ಹುಡುಗರಿಗೂ ಇದರಿಂದ ನಷ್ಟವಿಲ್ಲ. ಕರಿ ಹರಿಯುವುದನ್ನು ನೋಡಲು ಇಡೀ ಊರೇ ಅಗಸಿಗೆ ಬರುತ್ತದೆ, ಹೊಲವೂ ಎಲ್ಲರಿಗೂ ಇದೆ.

ಇನ್ನು ಊರಿಗೆ ಹೋಗದಿರುವ ವಿಷಯ. ಹಿರಿಯರು ಅದನ್ನು ನೌಕರಿ ಹುಚ್ಚು ಅಂದರು. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಹುಡುಗಿಯರಿಗೆ ಬಸ್ ಚಾರ್ಜಿನ ಚಿಂತೆ ಇಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಊರ ಬಾಗಿಲಿಗೆ ಇಳಿಯಬಹುದು. ಆದರೂ ಹೋಗುವುದಿಲ್ಲ. ಯಾಕೆ ಅಂದರೆ ಹಬ್ಬಕ್ಕೆ ಹೋದರೆ ಅಲ್ಲೊಂದು ಮೌಖಿಕ ಪರೀಕ್ಷೆ ಕಾದಿರುತ್ತದೆ. ಕಾಕಾ ಕೇಳುತ್ತಾರೆ, ಎದುರು ಮನೆಯ ಅಜ್ಜಿ ಕೇಳುತ್ತಾರೆ, ಬನ್ನಿ ಕೊಡಲು ಬಂದವರು ಕೇಳುತ್ತಾರೆ: ‘ಏನಾತವಾ ನಿಂದು? ಇನ್ನೂ ಓದಾಕತ್ತೀಯೇನು?’ ಬನ್ನಿ ಕೊಟ್ಟು ಬಂಗಾರದ ಹಂಗ ಇರೋಣು ಅನ್ನುವ ದಿನವೇ ಈ ಮಾತು. ಹುಡುಗನಾದರೆ ಇಷ್ಟಕ್ಕೇ ಮುಗಿಯಿತು. ಹುಡುಗಿಯಾದರೆ ಅದರ ಹಿಂದೆ ಒಬ್ಬ ವರನ ಫೋಟೊ ಬರುತ್ತದೆ.

ಯುಗಾದಿ ಬಂತೆಂದರೆ ಇವರಿಗೆ ಬೇರೆಯೇ ಲೆಕ್ಕ. ರಾಜ್ಯದ ನೇಮಕಾತಿಯಲ್ಲಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೂ ಪ್ರವರ್ಗ 1ಕ್ಕೂ 40 ಅನ್ನುವುದು ಮೂಲ ವಯೋಮಿತಿ. ಸರ್ಕಾರ ಆಗಾಗ ಸಡಿಲಿಸುತ್ತದೆ, ಆದರೆ ಅದನ್ನು ನಂಬಿ ಕೂರಲು ಆಗುವುದಿಲ್ಲ. ಒಳಮೀಸಲಾತಿ ತೀರ್ಮಾನವಾಗಲಿ ಅಂತ 2024ರ ಕೊನೆಯಿಂದ ಹೊಸ ಅಧಿಸೂಚನೆಗಳೇ ನಿಂತಿದ್ದವು. ಅದು ಸರಿಯೋ ತಪ್ಪೋ ಹೇಳುವಷ್ಟು ನಾನು ತಿಳಿದವಳಲ್ಲ. ಅಷ್ಟು ದಿನವೂ ಇಲ್ಲಿ ರೂಮ್ ಬಾಡಿಗೆ, ಡಬ್ಬಿ ದುಡ್ಡು ಮಾತ್ರ ನಿಂತಿರಲಿಲ್ಲ. 2021ರ ಅಕ್ಟೋಬರ್‌ನಲ್ಲಿ 545 ಪಿ.ಎಸ್.ಐ. ಹುದ್ದೆಗೆ ಬರೆದವರ ಕತೆ ನಿಮಗೆ ಗೊತ್ತೇ ಇದೆ. ಅಕ್ರಮ ಹೊರಬಿದ್ದು, ಪರೀಕ್ಷೆ ರದ್ದಾಗಿ, ಮರುಪರೀಕ್ಷೆ ಆಗುವ ಹೊತ್ತಿಗೆ 2024ರ ಜನವರಿ. ನಡುವೆ ಎಷ್ಟು ಹಬ್ಬ ಹೋದವು ಎಣಿಸಿ. ಇಂಥವರಿಗೆ ಹಬ್ಬದ ಅರ್ಥ ಗೊತ್ತಿಲ್ಲ ಅನ್ನುವುದು ಸ್ವಲ್ಪ ಜಾಸ್ತಿಯೇ ಆಯಿತು.

ಪರೀಕ್ಷೆಯ ದಿನ ಗೊತ್ತು ಮಾಡುವವರಿಗೂ ಒಂದು ಮಾತು ಹೇಳಬೇಕು. 2024ರಲ್ಲಿ 384 ಹುದ್ದೆಗಳ ಕೆ.ಎ.ಎಸ್. ಪೂರ್ವಭಾವಿ ಪರೀಕ್ಷೆ ಆಗಸ್ಟ್ 27ಕ್ಕೆ ಇತ್ತು. ಗೋಕುಲಾಷ್ಟಮಿಯ ಮರುದಿನ, ಮಂಗಳವಾರ. ಕನ್ನಡದ ಪ್ರಶ್ನೆಗಳಲ್ಲಿ ತಪ್ಪುಗಳ ರಾಶಿ ಅಂತ ದೊಡ್ಡ ಗಲಾಟೆಯಾಗಿ ಮರುಪರೀಕ್ಷೆ ಆಯಿತು. ಅದನ್ನು ಯಾವತ್ತು ಇಟ್ಟರು? ಡಿಸೆಂಬರ್ 29, ಭಾನುವಾರ. ಸೋಮವಾರ ಎಳ್ಳಮಾವಾಸ್ಯೆ, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಪೂಜೆ ಮಾಡುವ ನಮ್ಮ ಕಡೆಯ ಹಬ್ಬ.

ಪರೀಕ್ಷೆ ಭಾನುವಾರ ಇದೆ, ಹಬ್ಬ ಸೋಮವಾರ, ಏನು ತೊಂದರೆ ಅಂತ ನೀವು ಕೇಳಬಹುದು. ಗಂಡಸರು ಹಾಗೆಯೇ ಕೇಳುತ್ತಾರೆ. ಗಂಡಸರ ಎಳ್ಳಮಾವಾಸ್ಯೆ ಬಂಡಿ ಹೂಡಿದಾಗ ಶುರುವಾಗುತ್ತದೆ. ಹೆಂಗಸರದು ಹಿಂದಿನ ದಿನವೇ ಶುರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಕಾಳು ಪಲ್ಯ, ಭಜ್ಜಿ, ಎಣ್ಣೆಗಾಯಿ. ಬುತ್ತಿ ಕಟ್ಟುವ ಹೊತ್ತಿಗೆ ನಡುರಾತ್ರಿ. ಆ ಭಾನುವಾರ ಬೆಳಿಗ್ಗೆ 10ರಿಂದ 12 ಒಂದು ಪೇಪರ್, ಮಧ್ಯಾಹ್ನ 2ರಿಂದ 4 ಇನ್ನೊಂದು. ಇಂಡಿ, ಸಿಂದಗಿ ಕಡೆಯ ಹುಡುಗರು ರಾತ್ರಿ ಬಸ್ಸು ಹಿಡಿದು ಹೋಗಿ, ಬೆಳಿಗ್ಗೆ ಇಳಿದು, ನೇರವಾಗಿ ಹೊಲಕ್ಕೆ ಹೋದರು. ಅದೇ ಕಡೆಯ ಹುಡುಗಿಯರು ಹೋಗಲಿಲ್ಲ. ಅಡುಗೆ ಎಲ್ಲಾ ಮುಗಿದ ಮೇಲೆ ಅತಿಥಿಯ ಹಾಗೆ ಹೋಗಿ ಇಳಿಯಲು ಮನಸ್ಸಾಗಲಿಲ್ಲ ಅಂದರು. ಅವರಿಗಾಗಿ ನಾನು ಸಜ್ಜೆ ರೊಟ್ಟಿ ಬಡಿದೆ, ಭಜ್ಜಿ ಮಾಡಿದೆ. ಆದರೆ ಚರಗ ಚೆಲ್ಲಲು ಸಪ್ತಾಪುರದಲ್ಲಿ ಹೊಲ ಎಲ್ಲಿಂದ ತರಲಿ? ಜೋಳ ತೆನೆ ಹೊತ್ತು, ಕಡಲೆ ಹಸಿ ಕಾಯಿ ಕಟ್ಟಿದ ಹೊಲದಲ್ಲಿ, ಬನ್ನಿ ಗಿಡದ ಬುಡಕ್ಕೆ ಐದು ಕಲ್ಲಿಟ್ಟು ಪಾಂಡವರು ಅಂತ ಪೂಜೆ ಮಾಡಿ, ‘ಹುಲಿಗ್ಯೋ’ ಅಂತ ಕೂಗುತ್ತಾ ಅನ್ನ ಎರಚುವ ಹಬ್ಬ ಅದು. ಹಕ್ಕಿಗೂ ಹುಳಕ್ಕೂ ಪಾಲು. ಕಾಂಪೌಂಡಿನ ಗೋಡೆಯ ಆಚೆ ಎರಚಿದರೆ ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ.

ಎಲ್ಲಾ ಹಬ್ಬಕ್ಕೂ ಪರೀಕ್ಷೆ ಮುಂದೆ ಹಾಕಿ ಅಂತ ಕೇಳುವಷ್ಟು ದಡ್ಡಿ ನಾನಲ್ಲ. ಶಾಲೆ, ಕಾಲೇಜು ಖಾಲಿ ಇರುವ ಭಾನುವಾರವೇ ಪರೀಕ್ಷೆ ಇಡಬೇಕು, ನಮ್ಮಲ್ಲಿ ಹಬ್ಬಗಳಿಗೆ ಬರವಿಲ್ಲ. ರಂಜಾನ್ ತಿಂಗಳಲ್ಲಿ ಉಪವಾಸ ಇದ್ದುಕೊಂಡೇ ಪರೀಕ್ಷೆ ಬರೆದ ಸವಣೂರಿನ ಹುಡುಗರೂ ನನ್ನ ಡಬ್ಬಿ ತಿಂದವರೇ. ಆದರೆ ದಿನ ಗೊತ್ತು ಮಾಡುವವರು ನೋಡುವುದು ಸರ್ಕಾರದ ಸಾರ್ವತ್ರಿಕ ರಜೆಯ ಪಟ್ಟಿ. ಅದರಲ್ಲಿ ಯುಗಾದಿ ಇದೆ, ಬಲಿಪಾಡ್ಯಮಿ ಇದೆ. ಎಳ್ಳಮಾವಾಸ್ಯೆ ಇಲ್ಲ, ಕಾರಹುಣ್ಣಿಮೆ ಇಲ್ಲ, ಸೀಗಿ ಹುಣ್ಣಿಮೆ ಇಲ್ಲ. ಕೊಡಗಿನವರಿಗೆ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಅಂತ ಅದೇ ಪಟ್ಟಿಯ ಕೆಳಗೆ ಪ್ರತ್ಯೇಕವಾಗಿ ಬರೆದಿರುತ್ತಾರೆ. ತುಂಬಾ ಸಂತೋಷ. ನಮಗೆ ರಜೆಯೂ ಬೇಡ, ಪರೀಕ್ಷೆಯ ದಿನ ಗೊತ್ತು ಮಾಡುವ ಮೇಜಿನ ಮೇಲೆ ಒಂದು ಪಂಚಾಂಗ ಇದ್ದರೆ ಸಾಕು.

ಪಂಚಾಂಗ ಅಂತ ಯಾಕೆ ಹೇಳಿದೆ ಅಂದರೆ ಗೋಡೆ ಕ್ಯಾಲೆಂಡರ್ ನಂಬಿದರೆ ಮೋಸ ಹೋಗುತ್ತಾರೆ. ಸಂಕ್ರಾಂತಿ ಸೂರ್ಯನ ಲೆಕ್ಕದ್ದು, ಜನವರಿ 14 ಇಲ್ಲವೇ 15 ಬಿಟ್ಟು ಎಲ್ಲೂ ಹೋಗುವುದಿಲ್ಲ. ಎಳ್ಳಮಾವಾಸ್ಯೆ ಚಂದ್ರನ ಲೆಕ್ಕದ್ದು. 2024ರಲ್ಲಿ ಎರಡು ಸಲ ಬಂತು, ಜನವರಿ 11ಕ್ಕೊಂದು, ಡಿಸೆಂಬರ್ 30ಕ್ಕೊಂದು. 2025ರಲ್ಲಿ ಡಿಸೆಂಬರ್ 19. ಈ ವರ್ಷ ಅಧಿಕ ಜ್ಯೇಷ್ಠ ಬಂದಿದ್ದರಿಂದ 2026ರ ಕ್ಯಾಲೆಂಡರಿನಲ್ಲಿ ಎಳ್ಳಮಾವಾಸ್ಯೆಯೇ ಇಲ್ಲ. ನಮ್ಮ ಕೊಪ್ಪಳದ ಹುಡುಗನಿಗೆ ಇದನ್ನು ಹೇಳಿದಾಗ ಹಲಗೆ ಮೇಲೆ ಬರೆದೇ ಬಿಟ್ಟ, ಒಬ್ಬರೂ ಸರಿ ಉತ್ತರ ಹೇಳಲಿಲ್ಲ.

ಮುಂದಿನ ಎಳ್ಳಮಾವಾಸ್ಯೆ 2027ರ ಜನವರಿ 7, ಗುರುವಾರ. ಬೆಂಗಳೂರಿನಲ್ಲಿ ಪರೀಕ್ಷೆಯ ದಿನ ಗೊತ್ತು ಮಾಡುವವರು ಯಾರಾದರೂ ಈ ಪತ್ರ ಓದುತ್ತಿದ್ದರೆ ದಯವಿಟ್ಟು ಈಗಲೇ ಬರೆದಿಟ್ಟುಕೊಳ್ಳಿ. ಹಿಂದಿನ ದಿನ ಬುಧವಾರವನ್ನೂ ಸೇರಿಸಿ.

ಇತಿ,
ಖಾನಾವಳಿ ಅಕ್ಕ
ಸಪ್ತಾಪುರ, ಧಾರವಾಡ